ಸಹಿ ಬಿದ್ದರೆ ಒಪ್ಪಿಗೆಯಾಯಿತೇ? ಆರೈಕೆ ಸೇವೆ ಪಡೆಯುವವರ ಅಧ್ಯಯನಕ್ಕೆ ನೈತಿಕ ಅನುಮೋದನೆ

ಇಂಟರ್ನ್‌ಶಿಪ್ ಅವಧಿಯ ಕಿರು ಸಂಶೋಧನೆಗೆ ನಾನು ಆರಿಸಿಕೊಂಡಿದ್ದ ವಿಷಯ 'ಎಂಡೋಸಲ್ಫಾನ್ ಬಾಧಿತ ಕುಟುಂಬಗಳಲ್ಲಿ ಗೃಹಾಧಾರಿತ ಶಿಕ್ಷಣ: ಹೆತ್ತವರ ಅನುಭವ' ಎಂಬುದು. ಆರು ಮನೆಗಳಿಗೆ ಹೋಗಿ ಮಾತನಾಡಿಸುವುದು, ಮಗುವನ್ನು ಅವಲೋಕಿಸುವುದು, ವರದಿ ಬರೆಯುವುದು ನನ್ನ ಯೋಜನೆ. ಸಂಪನ್ಮೂಲ ಶಿಕ್ಷಕರೊಬ್ಬರ ಜೊತೆ ಮೊದಲ ಮನೆಗೆ ಹೋದಾಗ ನನ್ನ ಚೀಲದಲ್ಲಿ ನಾನೇ ಟೈಪ್ ಮಾಡಿದ ಒಂದು ಒಪ್ಪಿಗೆ ಪತ್ರ ಇತ್ತು. ಅದರಲ್ಲಿದ್ದದ್ದು ಒಂದೇ ವಾಕ್ಯ: 'ನನ್ನ ಮಗುವಿನ ಕುರಿತು ಅಧ್ಯಯನ ನಡೆಸಲು ನನ್ನ ಸಂಪೂರ್ಣ ಒಪ್ಪಿಗೆ ಇದೆ.'

ಮಗುವಿನ ತಂದೆ ಕಾಗದವನ್ನು ತಿರುಗಿಸಿ ನೋಡಿ ಕೇಳಿದರು: "ಟೀಚರೇ, ಇದಕ್ಕೆ ಸೈನ್ ಹಾಕದಿದ್ರೆ ಪೆನ್ಶನ್ ನಿಲ್ತದಾ?"

"ಇಲ್ಲ, ಇದು ನಮ್ಮ ಕಾಲೇಜಿಂದು" ಎಂದು ನಾನು ಹೇಳಿ ಮುಗಿಸುವ ಮೊದಲೇ ಅವರು ಸಹಿ ಹಾಕಿ ಆಗಿತ್ತು. ಮರುದಿನ ಅದನ್ನು ಮಾರ್ಗದರ್ಶಕ ಉಪನ್ಯಾಸಕರಿಗೆ ತೋರಿಸಿದೆ. ಅವರು ಆ ಪ್ರಶ್ನೆಯನ್ನು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಬಳಿಕ, "ಹಾಗಾದರೆ ಅವರು ಯಾವುದಕ್ಕೆ ಸಹಿ ಹಾಕಿದ್ದು?" ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ಆ ಪ್ರಶ್ನೆಯ ಬೆನ್ನು ಹಿಡಿದು ಕಲಿತದ್ದನ್ನು ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರಿನ ಹಿನ್ನೆಲೆ

ಗೇರು ತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಸಿಂಪಡಣೆ ನಡೆಯಿತು. ಇತ್ತ ದಕ್ಷಿಣ ಕನ್ನಡದ ಸರಕಾರಿ ಗೇರು ತೋಟಗಳ ಸುತ್ತಮುತ್ತಲೂ ಅದೇ ಆಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಇದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. ಬಾಧಿತರಿಗಾಗಿ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಕಡಬ ತಾಲೂಕಿನ ಕೊಯಿಲಗಳಲ್ಲಿ ದಿನಪಾಲನಾ ಕೇಂದ್ರಗಳಾದವು. ಮಾಸಾಶನ, ಗುರುತಿನ ಚೀಟಿ, ವೈದ್ಯಕೀಯ ಶಿಬಿರಗಳು ಬಂದವು.

ಈ ಎಲ್ಲ ಸೌಲಭ್ಯಗಳೂ ಬಂದದ್ದು ಯಾರೋ ಮನೆಗೆ ಬಂದು, ಪ್ರಶ್ನೆ ಕೇಳಿ, ಕಾಗದಕ್ಕೆ ಸಹಿ ಪಡೆದ ಮೇಲೆ. ಆದ್ದರಿಂದ ಆ ಮನೆಗಳಲ್ಲಿ ಫೈಲು ಹಿಡಿದುಕೊಂಡು ಬಂದವರೆಲ್ಲ 'ಇಲಾಖೆಯವರು'. ನಾನೂ ಹಾಗೆಯೇ ಕಂಡೆ. ಸೇವೆಯನ್ನು ನಂಬಿ ಬದುಕುವವರ ಬಳಿ ಸಂಶೋಧನೆಗೆ ಹೋಗುವಾಗಿನ ಮೊದಲ ತೊಡಕು ಇದೇ. 'ಇಲ್ಲ' ಎಂದರೆ ಏನಾದರೂ ಕಳೆದುಹೋದೀತು ಎಂಬ ಭಯ ಅವರಿಗೆ ಇರುತ್ತದೆ. ವೃದ್ಧಾಶ್ರಮದ ಹಿರಿಯರು, ಬಾಲಮಂದಿರದ ಮಕ್ಕಳು, ವಿಶೇಷ ಶಾಲೆಯ ಮಕ್ಕಳ ಹೆತ್ತವರು, ಎಲ್ಲರಿಗೂ ಇದು ಅನ್ವಯಿಸುತ್ತದೆ.

ಹಾಗೆಂದು ಅಧ್ಯಯನವೇ ಬೇಡ ಎಂದಲ್ಲ. ಕಾಸರಗೋಡಿನ ಪಡ್ರೆಯಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳನ್ನು ಗಮನಿಸಿ ದಾಖಲಿಸದಿದ್ದರೆ, ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆಯದಿದ್ದರೆ, ಈ ಸಮಸ್ಯೆ ಹೊರಗಿನವರ ಕಿವಿಗೆ ಬೀಳಲು ಇನ್ನೂ ತಡವಾಗುತ್ತಿತ್ತು. ಅಧ್ಯಯನ ಬೇಕು; ಅದಕ್ಕೊಂದು ಕ್ರಮವೂ ಬೇಕು. ನೈತಿಕ ಅನುಮೋದನೆ ಎಂದರೆ ಆ ಕ್ರಮ.

ಮೂರು ಬೇರೆ ಬೇರೆ ಕಾಗದಗಳು

ನಾನು ಮಾಡಿದ ಮುಖ್ಯ ತಪ್ಪು ಮೂರು ವಿಷಯಗಳನ್ನು ಒಂದೆಂದು ತಿಳಿದದ್ದು.

1. ಅನುಮತಿ: ಸಂಸ್ಥೆಯ ಮುಖ್ಯಸ್ಥರು ಅಥವಾ ಇಲಾಖೆ ಕೊಡುವಂಥದ್ದು. 'ನಮ್ಮ ಕೇಂದ್ರದೊಳಗೆ ಬರಬಹುದು' ಎಂದಷ್ಟೇ ಇದರ ಅರ್ಥ.

2. ಅನುಮೋದನೆ: ನೈತಿಕ ಸಮಿತಿ ಕೊಡುವಂಥದ್ದು. 'ಈ ಯೋಜನೆಯಿಂದ ಜನರಿಗೆ ಆಗಬಹುದಾದ ತೊಂದರೆಯನ್ನು ಪರಿಶೀಲಿಸಿದ್ದೇವೆ, ಮುಂದುವರಿಯಬಹುದು' ಎಂದು ಇದರ ಅರ್ಥ.

3. ಒಪ್ಪಿಗೆ: ಅಧ್ಯಯನಕ್ಕೆ ಒಳಗಾಗುವ ವ್ಯಕ್ತಿ ವಿಷಯ ತಿಳಿದು, ಯಾವ ಒತ್ತಡವೂ ಇಲ್ಲದೆ ಕೊಡುವಂಥದ್ದು. ಮಗುವಾದರೆ ಹೆತ್ತವರ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯೂ ಬೇಕು.

ಇವುಗಳಲ್ಲಿ ಒಂದು ಇನ್ನೊಂದರ ಬದಲಿಗೆ ನಿಲ್ಲುವುದಿಲ್ಲ. ಮುಖ್ಯಸ್ಥರು 'ಆಯಿತು, ಮಾಡಿ' ಎಂದರೆ ಬಾಗಿಲು ತೆರೆಯಿತು ಅಷ್ಟೆ. ಒಳಗೆ ಇರುವವರು ನಮ್ಮೊಡನೆ ಮಾತನಾಡಬೇಕೋ ಬೇಡವೋ ಎಂಬುದನ್ನು ಅವರೇ ಹೇಳಬೇಕು.

ಶಿಕ್ಷಕರ ಸಹಿ ತಂದ ಪ್ರಶ್ನೆ

ಶಿಕ್ಷಕರಾಗಲಿರುವ ನಾವು ತಿಳಿದಿರಲೇಬೇಕಾದ ಪ್ರಕರಣ ಒಂದಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಧ್ಯಯನದ ಭಾಗವಾಗಿ ಕೊಡಲಾಯಿತು. ಖಮ್ಮಂನಲ್ಲಿ ಬುಡಕಟ್ಟು ಮಕ್ಕಳ ಆಶ್ರಮ ಶಾಲೆ, ಹಾಸ್ಟೆಲುಗಳ ಮಕ್ಕಳೂ ಇದರಲ್ಲಿದ್ದರು. ಕೆಲವು ಮಕ್ಕಳ ಸಾವಿನ ಬಳಿಕ 2010ರ ಏಪ್ರಿಲಿನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆಯೇ ಕಾರಣವೆಂದು ತನಿಖಾ ಸಮಿತಿ ಹೇಳಲಿಲ್ಲ. ಆದರೆ ಒಪ್ಪಿಗೆ ಪಡೆದ ಬಗೆಯಲ್ಲಿ ಗಂಭೀರ ಲೋಪಗಳು ಕಂಡವು. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 1,948ಕ್ಕೆ ಹೆಬ್ಬೆಟ್ಟು ಒತ್ತಲಾಗಿತ್ತು. 2,763 ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರ ತನ್ನ ವರದಿಯಲ್ಲಿ ಇದನ್ನು ಕಟುವಾಗಿ ಟೀಕಿಸಿತು.

ಆ ವಾರ್ಡನ್‌ಗಳು ಕೆಟ್ಟವರಾಗಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಮೇಲಿನಿಂದ ಕಾಗದ ಬಂತು, ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ ಎಂದುಕೊಂಡು ಸಹಿ ಹಾಕಿರಬಹುದು. ನಾಳೆ ನಾವು ಮುಖ್ಯೋಪಾಧ್ಯಾಯರೋ ಹಾಸ್ಟೆಲ್ ಮೇಲ್ವಿಚಾರಕರೋ ಆದಾಗ ಇಂಥದೇ ಕಾಗದ ನಮ್ಮ ಮೇಜಿಗೂ ಬರುತ್ತದೆ. ಹೆತ್ತವರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ನಮ್ಮ ಕುರ್ಚಿಗೆ ಇಲ್ಲ ಎಂಬುದು ಆಗ ನೆನಪಾಗಬೇಕು.

ಹೆತ್ತವರೇ ಸಹಿ ಹಾಕಿದರೂ ಸಾಲದಾಗುವ ಸಂದರ್ಭ ಉಂಟು. ಅಮೆರಿಕದ ನ್ಯೂಯಾರ್ಕಿನಲ್ಲಿದ್ದ ವಿಲೋಬ್ರೂಕ್ ಎಂಬ ಬೌದ್ಧಿಕ ವಿಕಲತೆಯ ಮಕ್ಕಳ ವಸತಿ ಸಂಸ್ಥೆಯಲ್ಲಿ 1950ರ ದಶಕದ ನಡುವಿನಿಂದ ಹಲವು ವರ್ಷ ಮಕ್ಕಳಿಗೆ ಉದ್ದೇಶಪೂರ್ವಕವಾಗಿ ಹೆಪಟೈಟಿಸ್ ಸೋಂಕು ತಗಲಿಸಿ ಅಧ್ಯಯನ ಮಾಡಿದರು. ಹೆತ್ತವರ ಸಹಿ ಇತ್ತು. ಆದರೆ ಒಂದು ಹಂತದಲ್ಲಿ ಸಂಸ್ಥೆ ತುಂಬಿ ಸಾಮಾನ್ಯ ಪ್ರವೇಶ ನಿಂತಿದ್ದಾಗ, ಅಧ್ಯಯನದ ವಿಭಾಗದಲ್ಲಿ ಮಾತ್ರ ಜಾಗ ಇತ್ತು. ಮಗುವನ್ನು ನೋಡಿಕೊಳ್ಳಲು ಬೇರೆ ದಾರಿಯಿಲ್ಲದ ಹೆತ್ತವರು ಇನ್ನೇನು ಮಾಡಿಯಾರು? ಇದನ್ನು ಓದುವಾಗ ಆ ತಂದೆಯ ಪೆನ್ಶನ್ ಪ್ರಶ್ನೆ ನನ್ನ ನೆನಪಿಗೆ ಬಂತು.

ಕಾನೂನು ಮತ್ತು ಮಾರ್ಗಸೂಚಿ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರಲ್ಲಿ ಹಾಗೂ 21 ಬಗೆಯ ವೈಕಲ್ಯಗಳನ್ನು ನಾವು ಸಮನ್ವಯ ಶಿಕ್ಷಣದ ಪಾಠದಲ್ಲಿ ಬಾಯಿಪಾಠ ಮಾಡುತ್ತೇವೆ. ಅದೇ ಕಾಯ್ದೆಯ 6ನೇ ಕಲಂ ಅನ್ನು ನಾನು ಓದಿರಲಿಲ್ಲ. ಅದರ ಪ್ರಕಾರ ಅಂಗವಿಕಲ ವ್ಯಕ್ತಿಯನ್ನು ಸಂಶೋಧನೆಗೆ ಒಳಪಡಿಸಲು ಎರಡು ಷರತ್ತುಗಳಿವೆ. ಒಂದು, ಆ ವ್ಯಕ್ತಿಗೆ ಅರ್ಥವಾಗುವ ಸಂವಹನ ವಿಧಾನದಲ್ಲಿ ತಿಳಿಸಿ ಪಡೆದ ಮುಕ್ತ ಒಪ್ಪಿಗೆ. ಎರಡು, ಸರಕಾರ ರಚಿಸುವ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ಅಂಗವಿಕಲರು ಅಥವಾ ನೋಂದಾಯಿತ ಸಂಘಗಳ ಸದಸ್ಯರಾಗಿರಬೇಕು. ಬಿ.ಎಡ್. ಕಿರು ಸಂಶೋಧನೆ ಎಂಬ ವಿನಾಯಿತಿ ಈ ಕಲಮಿನಲ್ಲಿ ಇಲ್ಲ.

ಇನ್ನೊಂದು ಮುಖ್ಯ ದಾಖಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ರಾಷ್ಟ್ರೀಯ ನೈತಿಕ ಮಾರ್ಗಸೂಚಿ. ಇದು ಆರೋಗ್ಯ ಸಂಬಂಧಿ ಸಂಶೋಧನೆಗೆ ಬರೆದದ್ದಾದರೂ ಶಿಕ್ಷಣ ಸಂಶೋಧಕರಿಗೂ ಒಳ್ಳೆಯ ಮಾದರಿ. ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ತಿಳಿದವರು, ಸಮಾಜ ವಿಜ್ಞಾನಿ ಮತ್ತು ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ಸಾಮಾನ್ಯ ನಾಗರಿಕರು ಯಾಕೆಂದರೆ, ನಮ್ಮ ಒಪ್ಪಿಗೆ ಪತ್ರ ಸಾಮಾನ್ಯರಿಗೆ ಅರ್ಥವಾಗುತ್ತದೆಯೇ ಎಂದು ಹೇಳಬಲ್ಲವರು ಅವರೇ.

ಪರಿಶೀಲನೆಯಲ್ಲಿ ಮೂರು ಬಗೆಗಳಿವೆ.

• ವಿನಾಯಿತಿ: ತೊಂದರೆಯ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ, ವ್ಯಕ್ತಿಯ ಗುರುತೂ ಇಲ್ಲದ ಅಧ್ಯಯನಗಳು. ಬೋಧನಾ ವಿಧಾನಗಳ, ಪಠ್ಯಕ್ರಮಗಳ ಅಥವಾ ತರಗತಿ ನಿರ್ವಹಣಾ ವಿಧಾನಗಳ ಹೋಲಿಕೆಯನ್ನು ಮಾರ್ಗಸೂಚಿ ಇಲ್ಲಿ ಉದಾಹರಣೆಯಾಗಿ ಕೊಡುತ್ತದೆ. ನಮ್ಮ ಎಷ್ಟೋ ಕ್ರಿಯಾ ಸಂಶೋಧನೆಗಳು ಈ ಗುಂಪಿಗೆ ಸೇರುತ್ತವೆ. ಆದರೂ ವಿನಾಯಿತಿ ಉಂಟೋ ಇಲ್ಲವೋ ಎಂದು ತೀರ್ಮಾನಿಸುವುದು ಸಮಿತಿ, ಸಂಶೋಧಕರಲ್ಲ.

• ಶೀಘ್ರ ಪರಿಶೀಲನೆ: ದಿನನಿತ್ಯದ ಬದುಕಿನಲ್ಲಿ ಇರುವಷ್ಟೇ ತೊಂದರೆಯ ಸಾಧ್ಯತೆ ಇರುವಂಥವು.

• ಪೂರ್ಣ ಸಮಿತಿಯ ಪರಿಶೀಲನೆ: ಹೆಚ್ಚಿನ ಅಪಾಯ ಇರುವಂಥವು, ದುರ್ಬಲ ಸ್ಥಿತಿಯಲ್ಲಿರುವ ಜನರನ್ನು ಒಳಗೊಂಡಂಥವು. ನನ್ನ ಯೋಜನೆ ಇಲ್ಲಿಗೆ ಸೇರುತ್ತಿತ್ತು.

ನಮ್ಮ ಕಾಲೇಜಿನಲ್ಲಿ ನೈತಿಕ ಸಮಿತಿ ಇಲ್ಲ. ಸ್ವಂತ ಸಮಿತಿ ಇಲ್ಲದ ಸಂಸ್ಥೆ ಬೇರೆ ಸಂಸ್ಥೆಯ ಸಮಿತಿಯೊಡನೆ ಒಡಂಬಡಿಕೆ ಮಾಡಿಕೊಳ್ಳಬಹುದು. ಅದು ಸಂಸ್ಥೆಗಳ ನಡುವಿನ ಕೆಲಸ. ಪ್ರಶಿಕ್ಷಣಾರ್ಥಿಯೊಬ್ಬಳು ಅರ್ಜಿ ಹಿಡಿದು ಹೋದರೆ ಆಗುವುದಿಲ್ಲ. ಆದ್ದರಿಂದ ವಿಷಯ ಆರಿಸುವ ದಿನವೇ ಮಾರ್ಗದರ್ಶಕರಲ್ಲಿ ಇದನ್ನು ಕೇಳಬೇಕು.

ಅರ್ಜಿಯಲ್ಲಿ ಇರಬೇಕಾದದ್ದು

ಸಮಿತಿಗೆ ಕೊಡುವ ಅರ್ಜಿಯ ನಮೂನೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾದರೂ ಉತ್ತರಿಸಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ:

1. ಈ ಪ್ರಶ್ನೆಗೆ ಉತ್ತರ ಈ ಜನರಿಂದಲೇ ಸಿಗಬೇಕೇ? ಬೇರೆ ಮೂಲದಿಂದ ಸಿಗದೇ?
2. ಅವರಿಗೆ ಆಗಬಹುದಾದ ತೊಂದರೆ ಏನು? ಹಳೆಯ ನೋವು ಕೆದಕುವುದು, ಅರ್ಧ ದಿನದ ಕೂಲಿ ತಪ್ಪುವುದು, ನೆರೆಯವರ ಮಾತು, ಎಲ್ಲವೂ ತೊಂದರೆಯೇ.
3. ಅವರನ್ನು ಯಾರು ಸಂಪರ್ಕಿಸುತ್ತಾರೆ? ಮಾಸಾಶನದ ಕಾಗದಪತ್ರ ನೋಡುವವರ ಮೂಲಕ ಕೇಳಿಸಿದರೆ 'ಇಲ್ಲ' ಎನ್ನುವುದು ಕಷ್ಟ.
4. ಯಾವ ಭಾಷೆಯಲ್ಲಿ ವಿವರಿಸುತ್ತೀರಿ? ನಮ್ಮಲ್ಲಿ ಕಾಗದ ಕನ್ನಡದಲ್ಲಿದ್ದರೂ ಮನೆಮಾತು ತುಳು, ಬ್ಯಾರಿ, ಮಲಯಾಳ, ಸುಳ್ಯದ ಕಡೆ ಅರೆಭಾಷೆ ಇರಬಹುದು. ಓದಿ ಹೇಳುವವರು ಯಾರು ಎಂಬುದೂ ಅರ್ಜಿಯಲ್ಲಿ ಬರಬೇಕು.
5. ಮಾಹಿತಿಯನ್ನು ಎಲ್ಲಿ, ಎಷ್ಟು ಕಾಲ ಇಡುತ್ತೀರಿ? ಯಾರಿಗೆ ನೋಡಲು ಸಿಗುತ್ತದೆ?
6. ಮಧ್ಯದಲ್ಲಿ ಒಬ್ಬರು ಬೇಡವೆಂದರೆ ಅವರ ಮಾಹಿತಿಯನ್ನು ಏನು ಮಾಡುತ್ತೀರಿ?

ಅರ್ಜಿಯ ಜೊತೆ ಪ್ರಶ್ನಾವಳಿ, ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಸಂಸ್ಥೆಯ ಅನುಮತಿ ಪತ್ರ ಇರಬೇಕು. ಇಲ್ಲಿ ಒಂದು ಗಂಟು ಬೀಳುತ್ತದೆ. ಸಮಿತಿ 'ಮೊದಲು ಸಂಸ್ಥೆಯ ಅನುಮತಿ ತನ್ನಿ' ಎನ್ನಬಹುದು. ಸಂಸ್ಥೆ 'ಮೊದಲು ಸಮಿತಿಯ ಅನುಮೋದನೆ ತನ್ನಿ' ಎನ್ನಬಹುದು. 'ನೈತಿಕ ಸಮಿತಿಯ ಅನುಮೋದನೆಗೆ ಒಳಪಟ್ಟು ಅನುಮತಿಸಲಾಗಿದೆ' ಎಂಬ ಷರತ್ತಿನ ಪತ್ರವನ್ನು ಸಂಸ್ಥೆಯಿಂದ ಮೊದಲು ಪಡೆದರೆ ಈ ಗಂಟು ಬಿಚ್ಚುತ್ತದೆ. ಅನುಮೋದನೆ ಬರುವ ತನಕ ಒಂದೇ ಒಂದು ಮನೆಗೂ ಮಾಹಿತಿ ಸಂಗ್ರಹಕ್ಕೆ ಹೋಗುವಂತಿಲ್ಲ. ಸಂಗ್ರಹಿಸಿದ ಮೇಲೆ ಅನುಮೋದನೆ ಕೇಳುವ ಪದ್ಧತಿಯೂ ಇಲ್ಲ.

ಮಾಹಿತಿ ಪತ್ರ ಹೀಗಿರಬಹುದು

ನನ್ನ ಒಂದು ವಾಕ್ಯದ ಪತ್ರವನ್ನು ಬಿಟ್ಟು ಮಾರ್ಗದರ್ಶಕರ ಜೊತೆ ಕುಳಿತು ಹೊಸದಾಗಿ ಬರೆದದ್ದರ ಮುಖ್ಯ ಭಾಗ ಇದು:

'ನಾನು ಬಿ.ಎಡ್. ವಿದ್ಯಾರ್ಥಿನಿ. ಸರಕಾರದ ಯಾವ ಇಲಾಖೆಯಿಂದಲೂ ಬಂದವಳಲ್ಲ. ಮನೆಯಲ್ಲಿ ಮಗುವಿಗೆ ಪಾಠ ಹೇಗೆ ನಡೆಯುತ್ತದೆ ಎಂದು ನಿಮ್ಮಿಂದ ತಿಳಿಯಬೇಕೆಂದಿದ್ದೇನೆ. ಸುಮಾರು 40 ನಿಮಿಷ ಬೇಕು. ನೀವು ಬೇಡ ಎನ್ನಬಹುದು, ಕಾರಣ ಹೇಳಬೇಕಾಗಿಲ್ಲ. ಬೇಡ ಎಂದರೂ ನಿಮ್ಮ ಮಾಸಾಶನ, ಔಷಧ, ಮಗುವಿನ ಪಾಠ, ಯಾವುದೂ ನಿಲ್ಲುವುದಿಲ್ಲ. ಒಪ್ಪಿದರೆ ಅವುಗಳಲ್ಲಿ ಯಾವುದೂ ಹೆಚ್ಚಾಗುವುದೂ ಇಲ್ಲ. ಈ ಅಧ್ಯಯನದಿಂದ ನಿಮಗೆ ನೇರವಾದ ಲಾಭ ಇಲ್ಲ. ನಡುವಿನಲ್ಲಿ ಯಾವಾಗ ಬೇಕಾದರೂ ನಿಲ್ಲಿಸಬಹುದು. ನಿಮ್ಮ ಹೆಸರು, ಮನೆ, ಗ್ರಾಮದ ಹೆಸರು ಬರೆಯುವುದಿಲ್ಲ. ಯೋಚಿಸಿ ಎರಡು ದಿನ ಬಿಟ್ಟು ಹೇಳಿದರೆ ಸಾಕು.'

'ಒಪ್ಪಿದರೆ ಹೆಚ್ಚಾಗುವುದೂ ಇಲ್ಲ' ಎಂಬ ಮಾತನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. ಹಾಗೆ ಬರೆದರೆ ಯಾರು ಒಪ್ಪುತ್ತಾರೆ ಎಂದು ಕೇಳಿದೆ. ಅದಕ್ಕೇ ಬರೆಯಬೇಕು ಎಂದರು ಮಾರ್ಗದರ್ಶಕರು. ಪತ್ರದ ಒಂದು ಪ್ರತಿ ಮನೆಯವರ ಬಳಿ ಉಳಿಯಬೇಕು. ಓದಲು ಬಾರದವರಾದರೆ ನಮಗೆ ಸಂಬಂಧಪಡದ ಒಬ್ಬ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಿ, ಸಾಕ್ಷಿಯ ಸಹಿಯನ್ನೂ ಪಡೆಯಬೇಕು. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. 'ನಾನು ಹೇಳಿದ್ದನ್ನು ನೀವೊಮ್ಮೆ ಹೇಳಿ' ಎಂದರೆ ನಿಜ ಗೊತ್ತಾಗುತ್ತದೆ. ತರಗತಿಯಲ್ಲಿ ನಾವು ಬಳಸುವ ವಿಧಾನವೇ ಇದು.

ಮಗುವಿನ ಸಮ್ಮತಿ

ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಕ್ಕಳಿಂದ ಹೆತ್ತವರ ಎದುರು ಮೌಖಿಕ ಸಮ್ಮತಿ, 12ರಿಂದ 18 ವರ್ಷದವರಿಂದ ಸರಳ ಭಾಷೆಯ ಲಿಖಿತ ಸಮ್ಮತಿ ಪಡೆಯಬೇಕು. ಮಾತನಾಡದ ಮಗುವಿನ ಸಮ್ಮತಿ ಹೇಗೆ? ನಾನು ಹೋದ ಆ ಮನೆಯ ಹುಡುಗ ಮಾತನಾಡುವುದಿಲ್ಲ. ನಾನು ಅವಲೋಕನಕ್ಕೆಂದು ಮೊಬೈಲ್ ಎತ್ತಿದಾಗ ಗೋಡೆಯ ಕಡೆ ಮುಖ ತಿರುಗಿಸಿದ. ಕೆಳಗಿಟ್ಟಾಗ ಮತ್ತೆ ಈಚೆ ನೋಡಿದ. ಎರಡು ಸಲ ಹೀಗಾಯಿತು. ಅವನ ತಾಯಿ, "ಅವನಿಗೆ ಫೋಟೊ ಆಗುವುದಿಲ್ಲ" ಎಂದರು. ಅದು ಸ್ಪಷ್ಟವಾದ 'ಬೇಡ'. ಅಂದು ಅದನ್ನು ನಾನು 'ಸಹಕಾರ ಕಡಿಮೆ' ಎಂದು ಅವಲೋಕನ ಪಟ್ಟಿಯಲ್ಲಿ ಬರೆದುಕೊಂಡಿದ್ದೆ. ಮಗುವಿನ ಹೌದು, ಬೇಡಗಳ ಸನ್ನೆ ಯಾವುದು ಎಂದು ಮನೆಯವರಿಂದ ಮೊದಲೇ ತಿಳಿದು, ಬೇಡ ಎಂಬ ಸನ್ನೆ ಕಂಡಲ್ಲಿಗೆ ನಿಲ್ಲಿಸುತ್ತೇವೆ ಎಂದು ಯೋಜನೆಯಲ್ಲೇ ಬರೆದಿಡಬೇಕು.

ಗುರುತು ಮತ್ತು ಗುಟ್ಟು

ಹೆಸರು ಬದಲಿಸಿದರೆ ಗುರುತು ಮರೆಯಾಗುತ್ತದೆ ಎಂದು ನಾವು ತಿಳಿದಿದ್ದೇವೆ. ಗ್ರಾಮದ ಹೆಸರು, ಮಗುವಿನ ವಯಸ್ಸು, ತಂದೆಯ ಉದ್ಯೋಗ, ಈ ಮೂರು ಇದ್ದರೆ ನಮ್ಮ ತಾಲೂಕಿನಲ್ಲಿ ಬಸ್ಸಿನ ಕಂಡಕ್ಟರಿಗೂ ಮನೆ ಯಾವುದೆಂದು ಗೊತ್ತಾಗುತ್ತದೆ. ವಯಸ್ಸನ್ನು ಶ್ರೇಣಿಯಲ್ಲಿ ಬರೆಯುವುದು, ಗ್ರಾಮವನ್ನು ಬಿಡುವುದು, ಕುಟುಂಬದ ವಿವರಗಳನ್ನು ಸಾರವಾಗಿ ಕೊಡುವುದು ಒಳ್ಳೆಯದು. ಈ ಲೇಖನದಲ್ಲೂ ಹಾಗೆಯೇ ಮಾಡಿದ್ದೇನೆ. ಬಾಲಮಂದಿರದಂಥ ಸಂಸ್ಥೆಗಳಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ನಿಷೇಧಿಸುತ್ತದೆ ಎಂಬುದನ್ನೂ ತಿಳಿದಿರಬೇಕು.

ಗುಟ್ಟು ಕಾಯುವುದಕ್ಕೂ ಒಂದು ಎಲ್ಲೆ ಇದೆ. ಮಾತಿನ ನಡುವೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದುಬಂದರೆ ಪೋಕ್ಸೊ ಕಾಯ್ದೆ 2012ರಂತೆ ಪೊಲೀಸರಿಗೆ ತಿಳಿಸಲೇಬೇಕು. ಆದ್ದರಿಂದ 'ನೀವು ಹೇಳಿದ್ದು ಯಾರಿಗೂ ತಿಳಿಯುವುದಿಲ್ಲ' ಎಂದು ಮಾತು ಕೊಡಬಾರದು. 'ಮಗುವಿಗೆ ಅಪಾಯವಿದೆ ಎಂದಾದರೆ ತಿಳಿಸಬೇಕಾಗುತ್ತದೆ' ಎಂದು ಮೊದಲೇ ಹೇಳಬೇಕು.

ನನ್ನ ಅಧ್ಯಯನ ಏನಾಯಿತು

ಬೇರೆ ಸಂಸ್ಥೆಯ ಸಮಿತಿಯೊಡನೆ ಒಡಂಬಡಿಕೆ, ಸರಕಾರದ ಸಮಿತಿಯ ಪೂರ್ವಾನುಮತಿ, ಇವೆಲ್ಲ ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಕೆಲಸವಲ್ಲ ಎಂದು ಲೆಕ್ಕ ಹಾಕಿದಾಗ ತಿಳಿಯಿತು. ಆಗ ಮಾರ್ಗದರ್ಶಕರು ಅರ್ಜಿಯ ಮೊದಲ ಪ್ರಶ್ನೆಯನ್ನೇ ನನಗೆ ಹಾಕಿದರು: "ಉತ್ತರ ಈ ಮಕ್ಕಳಿಂದಲೇ ಸಿಗಬೇಕಾ?" ಯೋಚಿಸಿದರೆ, ನಾನು ನಿಜವಾಗಿ ತಿಳಿಯಬೇಕೆಂದಿದ್ದದ್ದು ಗೃಹಾಧಾರಿತ ಶಿಕ್ಷಣಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಎಷ್ಟು ಸಿದ್ಧರಿದ್ದೇವೆ ಎಂಬುದನ್ನು. ಅದಕ್ಕೆ ಆ ಆರು ಮನೆಗಳಿಗೆ ಹೋಗಬೇಕಾಗಿರಲಿಲ್ಲ. ವಿಷಯ ಬದಲಿಸಿ, ವಿಜ್ಞಾನ ವಿಭಾಗದ ಸಹಪಾಠಿಗಳು ತಯಾರಿಸಿದ ಕಲಿಕೋಪಕರಣಗಳನ್ನು ಮಲಗಿದಲ್ಲೇ ಇರುವ, ಮಾತನಾಡದ ಮಗುವಿಗೆ ಬಳಸಲು ಸಾಧ್ಯವೇ ಎಂದು ಅವರ ಒಪ್ಪಿಗೆಯಿಂದಲೇ ಪರಿಶೀಲಿಸಿದೆ. ಬಹುತೇಕ ಉಪಕರಣಗಳನ್ನು ಹಾಗೆ ಬಳಸಲು ಆಗಲಿಲ್ಲ; ನಾನು ಮಾಡಿದ್ದೂ ಅವುಗಳಲ್ಲಿ ಒಂದು.

ಹೆತ್ತವರ ಅನುಭವದ ಅಧ್ಯಯನ ಬೇಡವೆಂದಲ್ಲ. ಅದು ಎಂ.ಎಡ್. ಅಥವಾ ಪಿಎಚ್.ಡಿ. ಮಟ್ಟದಲ್ಲಿ, ಸರಿಯಾದ ಸಮಯ ಮತ್ತು ಅನುಮೋದನೆಯೊಂದಿಗೆ ಆಗಬೇಕಾದದ್ದು. ಕಾಲೇಜುಗಳು ಒಟ್ಟು ಸೇರಿ ಒಂದು ನೈತಿಕ ಸಮಿತಿಯನ್ನು ಮಾಡಿಕೊಂಡರೆ ನಮ್ಮ ಮುಂದಿನ ತಂಡಗಳಿಗೆ ಅನುಕೂಲ. ಅಲ್ಲಿಯವರೆಗೆ ಕಿರು ಸಂಶೋಧನೆಯ ನಮೂನೆಯಲ್ಲಿ 'ಇದರಲ್ಲಿ ಯಾರನ್ನು ಒಳಗೊಳ್ಳುತ್ತೀರಿ? ಅವರು ಬೇಡ ಎನ್ನಬಲ್ಲರೇ?' ಎಂಬ ಎರಡು ಸಾಲು ಸೇರಿಸಬಹುದು ಎಂದು ಉಪನ್ಯಾಸಕ ವೃಂದದಲ್ಲಿ ನನ್ನ ವಿನಂತಿ.

ಇಂಟರ್ನ್‌ಶಿಪ್ ಮುಗಿಯುವ ಮೊದಲು ಅದೇ ಸಂಪನ್ಮೂಲ ಶಿಕ್ಷಕರ ಜೊತೆ ಆ ಮನೆಗೆ ಮತ್ತೆ ಹೋದೆ. ಸಹಿ ಇದ್ದ ಕಾಗದವನ್ನು ಹಿಂತಿರುಗಿಸಿ, ಅಧ್ಯಯನ ಮಾಡುತ್ತಿಲ್ಲ, ಬರೆದುಕೊಂಡಿದ್ದ ಟಿಪ್ಪಣಿಯನ್ನೂ ಹರಿದು ಹಾಕಿದ್ದೇನೆ ಎಂದು ತಿಳಿಸಿದೆ. ಪೆನ್ಶನಿಗೂ ಇದಕ್ಕೂ ಸಂಬಂಧ ಇಲ್ಲ ಎಂಬುದನ್ನು ಈ ಸಲ ತುಳುವಿನಲ್ಲಿ, ನಿಧಾನವಾಗಿ ಹೇಳಿದೆ. ಅವರು ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಹೊರಡುವಾಗ ಅವರ ಮಗ ಬಾಗಿಲ ಕಡೆಗೇ ನೋಡುತ್ತಿದ್ದ. ನನ್ನ ಮೊಬೈಲ್ ಚೀಲದಲ್ಲಿತ್ತು.